ಬಟಾಣಿ ಎಣಿಸಿದ ಶಿಕ್ಷಕ: ಗ್ರೆಗರ್ ಮೆಂಡೆಲ್

ಶಿಕಾರಿಪುರ, ಸೊರಬದ ಪ್ರೌಢಶಾಲೆಗಳಲ್ಲಿ ಅನುವಂಶೀಯತೆಯ ಪಾಠ ಮಾಡಲಿರುವ ಪ್ರಶಿಕ್ಷಣಾರ್ಥಿಗಳು ಮೊದಲು ಮೆಂಡೆಲರ ಬದುಕನ್ನು ತಿಳಿಯುವುದು ಒಳ್ಳೆಯದು. ಅವರೂ ಶಿಕ್ಷಕರಾಗಿದ್ದವರು.

ಮೆಂಡೆಲರು 1822ರಲ್ಲಿ, ಈಗ ಚೆಕ್ ಗಣರಾಜ್ಯದಲ್ಲಿರುವ ಹಳ್ಳಿಯೊಂದರ ರೈತ ಕುಟುಂಬದಲ್ಲಿ ಜನಿಸಿದರು. ಓದಿಗೆ ಹಣ ಸಾಲದಾದಾಗ ತಂಗಿ ತೆರೇಸಿಯಾ ತನ್ನ ಮದುವೆಗೆಂದು ಇಟ್ಟಿದ್ದ ಹಣದಲ್ಲಿ ಒಂದು ಪಾಲು ಕೊಟ್ಟಳು. 1843ರಲ್ಲಿ ಅವರು ಬ್ರನೋ ನಗರದ ಕ್ರೈಸ್ತ ಮಠ ಸೇರಿದರು; 1849ರಲ್ಲಿ ಬದಲಿ ಶಿಕ್ಷಕರಾದರು. ಮರುವರ್ಷ ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲಿ ಅನುತ್ತೀರ್ಣರಾದರು. ಮಠದವರು ಅವರನ್ನು ವಿಯೆನ್ನಾ ವಿಶ್ವವಿದ್ಯಾಲಯಕ್ಕೆ ಕಳಿಸಿದರು. 1856ರಲ್ಲಿ ಎರಡನೆಯ ಸಲ ಬರೆದ ಪರೀಕ್ಷೆಯೂ ಕೈಗೂಡಲಿಲ್ಲ. ಹಾಗಿದ್ದೂ 1854ರಿಂದ 1868ರವರೆಗೆ ಶಾಲೆಯಲ್ಲಿ ಪಾಠ ಮಾಡಿದರು.

ಆ ವರ್ಷಗಳಲ್ಲೇ ಮಠದ ತೋಟದಲ್ಲಿ ಸುಮಾರು 28,000 ಬಟಾಣಿ ಗಿಡ ಬೆಳೆಸಿ ಪರೀಕ್ಷಿಸಿದರು. ದುಂಡು ಬೀಜದ ಗಿಡಕ್ಕೂ ಸುಕ್ಕು ಬೀಜದ ಗಿಡಕ್ಕೂ ಸಂಕರ ಮಾಡಿದಾಗ ಮೊದಲ ಪೀಳಿಗೆಯಲ್ಲಿ ಎಲ್ಲವೂ ದುಂಡು ಬೀಜಗಳೇ. ಎರಡನೆಯ ಪೀಳಿಗೆಯಲ್ಲಿ 5,474 ದುಂಡು, 1,850 ಸುಕ್ಕು, ಹೆಚ್ಚುಕಡಿಮೆ 3:1. ಗುಣಗಳು ಹಾಲುನೀರಿನಂತೆ ಬೆರೆತುಹೋಗದೆ ಬಿಡಿ ಅಂಶಗಳಾಗಿ ದಾಟುತ್ತವೆ ಎಂಬುದು ಇದರಿಂದ ತಿಳಿಯಿತು. 1865ರಲ್ಲಿ ಅವರು ಇದನ್ನು ಮಂಡಿಸಿದಾಗ ಹೆಚ್ಚಿನವರು ಗಮನಿಸಲಿಲ್ಲ. 1884ರಲ್ಲಿ ಮೆಂಡೆಲರು ತೀರಿಕೊಂಡರು. ಅವರ ಕೆಲಸಕ್ಕೆ ಮನ್ನಣೆ ಸಿಕ್ಕಿದ್ದು 1900ರಲ್ಲಿ.

ನಮ್ಮ ಭಾಗದಲ್ಲಿ ಈ ಪಾಠ ಬಟಾಣಿಗೆ ಮುಗಿಯುವುದಿಲ್ಲ. 1970ರ ದಶಕದಲ್ಲಿ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಗುರುತಿಸಲಾದ, ಮೂಳೆ ಮತ್ತು ಕೀಲುಗಳನ್ನು ಹಾಳುಮಾಡುವ ಹಂದಿಗೋಡು ಕಾಯಿಲೆ ಸೊರಬ, ಶಿಕಾರಿಪುರದ ಕೆಲವು ಕುಟುಂಬಗಳಲ್ಲೂ ಇದೆ. ಇದು ಪ್ರಬಲ ಗುಣದಂತೆ ಸಾಗುತ್ತದೆ: ತಂದೆ ತಾಯಿಯರಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧ, ನಾಣ್ಯ ಚಿಮ್ಮಿದಂತೆ. ಇದು ಶಾಪವಲ್ಲ, ಅಂಟುರೋಗವೂ ಅಲ್ಲ.

ಮೆಂಡೆಲರ ಬಿಡಿ ಅಂಶವನ್ನೇ ಇಂದು ಜೀನ್ ಎನ್ನುತ್ತೇವೆ. ಅದನ್ನು ತಿದ್ದುವ ಕ್ರಿಸ್ಪರ್ ವಿಧಾನ 2012ರಲ್ಲಿ ಪ್ರಕಟವಾಯಿತು. ಕುಡಗೋಲು ಕಣ ರಕ್ತಹೀನತೆಗೆ ಈ ವಿಧಾನದ ಚಿಕಿತ್ಸೆ 2023ರಲ್ಲಿ ಬ್ರಿಟನ್ ಮತ್ತು ಅಮೆರಿಕದಲ್ಲಿ ಅನುಮೋದನೆ ಪಡೆಯಿತು. ಅದರಲ್ಲಿ ರೋಗಿಯದೇ ರಕ್ತದ ಆಕರಕೋಶಗಳನ್ನು ಹೊರತೆಗೆದು, ಜೀನ್ ತಿದ್ದಿ, ಮರಳಿ ದೇಹಕ್ಕೆ ಸೇರಿಸುತ್ತಾರೆ. ಹಂದಿಗೋಡು ಕಾಯಿಲೆಗೆ ಅಂಥ ಚಿಕಿತ್ಸೆ ಇಲ್ಲ. ಮೈತುಂಬ ಹರಡಿರುವ ಮೂಳೆ, ಮೃದ್ವಸ್ಥಿಗಳನ್ನು ರಕ್ತದ ಕೋಶಗಳಂತೆ ಹೊರತೆಗೆದು ತಿದ್ದಲಾಗದು. ಆದ್ದರಿಂದ ತರಗತಿಯಲ್ಲಿ ಸುಳ್ಳು ಭರವಸೆ ಬೇಡ.

ಪಾಠ ಯೋಜನೆಯಲ್ಲಿ ಮನೆಯವರ ಕಾಯಿಲೆಗಳನ್ನು ಪಟ್ಟಿಮಾಡಿಸುವ ಚಟುವಟಿಕೆಯನ್ನು ಕೈಬಿಡಿ. ಆ ಕುಟುಂಬದ ಮಗು ನಿಮ್ಮೆದುರಿನ ಬೆಂಚಿನಲ್ಲೇ ಕುಳಿತಿರಬಹುದು. ಬಟಾಣಿ ಎಣಿಸಲಿ, ನಾಣ್ಯ ಚಿಮ್ಮಲಿ. ಅನುವಂಶೀಯತೆ ಯಾರ ತಪ್ಪೂ ಅಲ್ಲವೆಂದು ಮಕ್ಕಳೇ ಲೆಕ್ಕದಿಂದ ಕಂಡುಕೊಳ್ಳಲಿ.