ಮಾನುವೆಲ್ ಕೋಂದೆ: ಜನಪದ ಕಥನದಿಂದ ತೆರೆಗೆ

ನಟ, ನಿರ್ದೇಶಕ, ನಿರ್ಮಾಪಕ ಎಂಬ ಮೂರು ನೆಲೆಗಳಲ್ಲಿ ಫಿಲಿಪೈನ್ಸ್ ಚಲನಚಿತ್ರಕ್ಕೆ ದುಡಿದ ಮಾನುವೆಲ್ ಕೋಂದೆ (1915-1985) ಲೂಸಾನ್ ದ್ವೀಪದ ದಾಯೆತ್ ಪಟ್ಟಣದವರು. ಮೂಲ ಹೆಸರು ಮಾನುವೆಲ್ ಉರ್ಬಾನೊ. ಎರಡನೆಯ ಮಹಾಯುದ್ಧಕ್ಕೆ ಮೊದಲೇ ಚಿತ್ರರಂಗವನ್ನು ಪ್ರವೇಶಿಸಿದ ಇವರು ಎಲ್‌ವಿಎನ್ ಸಂಸ್ಥೆಯ ಚಿತ್ರಗಳಲ್ಲಿ ದುಡಿದು, 1947ರಲ್ಲಿ ಸ್ವಂತ ನಿರ್ಮಾಣ ಸಂಸ್ಥೆಯನ್ನು ಸ್ಥಾಪಿಸಿದರು.

ಕೋಂದೆಯವರ ಸೃಜನಶೀಲತೆಯ ಬೇರುಗಳಿರುವುದು ಮೌಖಿಕ ಹಾಗೂ ಪದ್ಯಕಥನ ಪರಂಪರೆಗಳಲ್ಲಿ. ಸ್ಪೇನಿನ ಆಳ್ವಿಕೆಯ ಕಾಲದಲ್ಲಿ ಯುರೋಪಿನ ಸಾಹಸಕಥೆಗಳು ಟಾಗಾಲೋಗ್ ಭಾಷೆಗೆ ಬಂದು, ಹನ್ನೆರಡು ಅಕ್ಷರಗಳ ಸಾಲಿನ 'ಅವಿತ್', ಎಂಟು ಅಕ್ಷರಗಳ ಸಾಲಿನ 'ಕೊರಿದೊ' ಎಂಬ ರೂಪಗಳಲ್ಲಿ ಜನಪ್ರಿಯವಾಗಿದ್ದವು. 'ಪ್ರಿನ್ಸಿಪೆ ಪಾರಿಸ್' (1949), 'ಸಿಯೆತೆ ಇನ್‌ಫಾಂತೆಸ್ ದೆ ಲಾರಾ' (1950) ಮುಂತಾದ ಚಿತ್ರಗಳು ಈ ಪರಂಪರೆಯೊಂದಿಗೆ ನಡೆಸಿದ ಅನುಸಂಧಾನಗಳು.

ಇದಕ್ಕಿಂತ ಮುಖ್ಯವಾದುದು ಹುವಾನ್ ತಮಾದ್‌ನ ರೂಪಾಂತರ. ಪೇರಲೆ ಮರದಡಿ ಬಾಯ್ದೆರೆದು ಮಲಗಿ, ಹಣ್ಣು ತಾನಾಗಿ ಬೀಳಲೆಂದು ಕಾಯುವ ಸೋಮಾರಿ ಈತ. ದೇಶವು 1946ರಲ್ಲಿ ಅಮೆರಿಕದಿಂದ ಸ್ವತಂತ್ರವಾದ ಮರುವರ್ಷವೇ ಕೋಂದೆ ಈ ಪಾತ್ರವನ್ನು ತಾವೇ ಅಭಿನಯಿಸಿ ತೆರೆಗೆ ತಂದರು. ವಸಾಹತು ಆಡಳಿತಗಾರರು 'ದೇಶೀಯನ ಸೋಮಾರಿತನ'ವನ್ನು ತಮ್ಮ ಅಧಿಕಾರದ ಸಮರ್ಥನೆಗೆ ಬಳಸುತ್ತಿದ್ದರೆಂಬುದನ್ನು ನೆನೆದರೆ ಈ ಆಯ್ಕೆಯ ಮಹತ್ವ ತಿಳಿಯುತ್ತದೆ. 1959ರ ಚಿತ್ರದಲ್ಲಿ ಅದೇ ಸೋಮಾರಿ ಶಾಸನಸಭೆಯನ್ನು ಸೇರುತ್ತಾನೆ! ನಗೆಗೆ ಗುರಿಯಾಗಿದ್ದವನು ಅಧಿಕಾರವನ್ನೇ ನಗೆಗೀಡುಮಾಡುವವನಾಗುತ್ತಾನೆ.

ಹೊರಜಗತ್ತು ಕೋಂದೆಯವರನ್ನು ಅರಿತದ್ದು 'ಚೆಂಗಿಸ್‌ಖಾನ್' (1950) ಮೂಲಕ. ಶೀರ್ಷಿಕೆಯ ಪಾತ್ರವೂ ನಿರ್ದೇಶನವೂ ಅವರದೇ. ಚಿತ್ರಕಥೆ ಮತ್ತು ವಿನ್ಯಾಸದಲ್ಲಿ ಜೊತೆಗೂಡಿದವರು ಭಿತ್ತಿಚಿತ್ರಗಳಿಗೆ ಹೆಸರಾದ ಕಲಾವಿದ ಕಾರ್ಲೋಸ್ 'ಬೋತೋಂಗ್' ಫ್ರಾನ್ಸಿಸ್ಕೊ. ಮಿತವಾದ ಸಾಧನಗಳಿಂದಲೇ ಮಂಗೋಲಿಯಾದ ಬಯಲನ್ನು ಕಟ್ಟಿಕೊಟ್ಟ ಈ ಚಿತ್ರ 1952ರ ವೆನಿಸ್ ಉತ್ಸವದಲ್ಲಿ ಪ್ರದರ್ಶಿತವಾಯಿತು. ಆದರೆ ಪರದೇಶದ ಪ್ರೇಕ್ಷಕರಿಗೆ ಅದು ತಲುಪಿದ್ದು ಅಮೆರಿಕದ ಲೇಖಕ ಜೇಮ್ಸ್ ಏಜಿ ಬರೆದ ಇಂಗ್ಲಿಷ್ ನಿರೂಪಣೆಯೊಡನೆ. ದೇಶೀ ಕಥನಗಾರನೊಬ್ಬನ ಕೃತಿ ಜಗತ್ತಿಗೆ ಕೇಳಿಸಿದ್ದು ಅನ್ಯರ ಮಾತಿನಲ್ಲಿ ಎಂಬುದು ವಿಷಾದದ ಸಂಗತಿ.

ಅವರ ಚಿತ್ರಗಳಲ್ಲಿ ಬಹುಪಾಲು ಇಂದು ಉಳಿದಿಲ್ಲ. ನಿಕಾನೋರ್ ತಿಯೋಂಗ್‌ಸನ್ 2008ರಲ್ಲಿ ಪ್ರಕಟಿಸಿದ ಅಧ್ಯಯನ ಗ್ರಂಥವು ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬಿದೆ. 2009ರಲ್ಲಿ ಅವರಿಗೆ ಮರಣೋತ್ತರವಾಗಿ ರಾಷ್ಟ್ರೀಯ ಕಲಾವಿದ ಗೌರವ ಸಂದಿತು. ಆ ವರ್ಷದ ಏಳು ಆಯ್ಕೆಗಳಲ್ಲಿ ನಾಲ್ಕನ್ನು ಅಲ್ಲಿನ ಸರ್ವೋಚ್ಚ ನ್ಯಾಯಾಲಯ 2013ರಲ್ಲಿ ಅಸಿಂಧುಗೊಳಿಸಿತು. ಕೋಂದೆಯವರ ಹೆಸರು ಆ ನಾಲ್ಕರಲ್ಲಿ ಇರಲಿಲ್ಲ.