ಮುಖಗಳ ಮುಂದೆ ತಲೆಬಾಗಿದ ಟಿ.ಎಸ್. ಸತ್ಯನ್

ವಿಜಯಪುರದ ಕಲ್ಲುಗಳಿಗೆ ಕ್ಯಾಮೆರಾದ ಪರಿಚಯ ಬಹು ಹಿಂದೆಯೇ ಆಗಿತ್ತು. 1855ರಲ್ಲಿ ಬಾಂಬೆ ಸರ್ಕಾರವು ಸೇನಾಧಿಕಾರಿ ಥಾಮಸ್ ಬಿಗ್ಸ್ ಅವರನ್ನು ಛಾಯಾಗ್ರಾಹಕರನ್ನಾಗಿ ನೇಮಿಸಿ, ಇಲ್ಲಿನ ಆದಿಲ್‌ಶಾಹಿ ಸ್ಮಾರಕಗಳ ಚಿತ್ರಗಳನ್ನು ತೆಗೆಸಿತು. ಬಿಗ್ಸ್ ಮತ್ತು ಇತರರು ತೆಗೆದ ಚಿತ್ರಗಳು 1866ರಲ್ಲಿ ಲಂಡನ್ನಿನಲ್ಲಿ ಗ್ರಂಥರೂಪ ಪಡೆದವು. ಆಗಿನ ಕ್ಯಾಮೆರಾಕ್ಕೆ ದೀರ್ಘ ಕಾಲದ ಬೆಳಕು ಬೇಕಿತ್ತು. ಗುಮ್ಮಟ ಅಲುಗದೆ ನಿಲ್ಲುತ್ತದೆ. ಅದರ ನೆರಳಿನಲ್ಲಿ ಬದುಕುವ ಮನುಷ್ಯ ಅಲುಗುತ್ತಾನೆ. ಹೀಗಾಗಿ ಕಲ್ಲು ಮೊದಲು ಚಿತ್ರವಾಯಿತು. ಮುಂದೆ ದೊರೆಗಳೂ ದೊರೆಸಾನಿಗಳೂ ಚಿತ್ರವಾದರು. ಶ್ರೀಸಾಮಾನ್ಯನ ಸರದಿ ಬಂದದ್ದು ಬಹಳ ತಡವಾಗಿ.

ಆ ಸರದಿಯನ್ನು ತಮ್ಮ ಬದುಕಿನ ಕಾಯಕವಾಗಿ ಸ್ವೀಕರಿಸಿದ ಕನ್ನಡಿಗರಲ್ಲಿ ಟಿ.ಎಸ್. ಸತ್ಯನ್ ಅವರ ಹೆಸರು ಅಗ್ರಪಂಕ್ತಿಯಲ್ಲಿದೆ. ಡಿಜಿಟಲ್ ಕ್ಯಾಮೆರಾ ಹಿಡಿದು ಭಾವಚಿತ್ರ ಕಲಿಯಹೊರಟಿರುವ ಇಂದಿನ ತರುಣ ತರುಣಿಯರಿಗೆ ಅವರ ಜೀವನವೇ ಒಂದು ಪಾಠ.

ತಂಬ್ರಹಳ್ಳಿ ಸುಬ್ರಹ್ಮಣ್ಯ ಸತ್ಯನಾರಾಯಣ ಅಯ್ಯರ್ ಜನಿಸಿದ್ದು 1923ರ ಡಿಸೆಂಬರ್ 18ರಂದು, ಮೈಸೂರಿನಲ್ಲಿ. ಬನುಮಯ್ಯ ಪ್ರೌಢಶಾಲೆ ಹಾಗೂ ಮಹಾರಾಜ ಕಾಲೇಜಿನಲ್ಲಿ ಓದಿದರು. ಮುಂದೆ ಪ್ರಧಾನಿಗಳ ಮಾಧ್ಯಮ ಸಲಹೆಗಾರರಾಗಿ ಹೆಸರಾದ ಎಚ್.ವೈ. ಶಾರದಾ ಪ್ರಸಾದ್ ಅವರೊಡನೆ ಬೆಳೆದ ಸ್ನೇಹ ಜೀವನದುದ್ದಕ್ಕೂ ಉಳಿಯಿತು. ಓದಿದವರ ಮನೆಯ ಮಗ ಸರ್ಕಾರಿ ನೌಕರಿಗೋ ಅಧ್ಯಾಪನಕ್ಕೋ ಸೇರುವುದು ಅಂದಿನ ರೂಢಿ. ಚಿತ್ರ ತೆಗೆಯುವುದು ಹವ್ಯಾಸವಾಗಿರಬಹುದಿತ್ತು. ಅದನ್ನೇ ನಂಬಿ ಸಂಸಾರ ಸಾಗಿಸುವುದು ಹುಚ್ಚು ಸಾಹಸವೆನಿಸುತ್ತಿತ್ತು.

ಸತ್ಯನ್ ಆ ಸಾಹಸಕ್ಕೆ ಇಳಿದರು. ಬೆಂಗಳೂರಿನಿಂದ ಡೆಕ್ಕನ್ ಹೆರಾಲ್ಡ್ ಪತ್ರಿಕೆ ಹೊರಬರಲು ಆರಂಭಿಸಿದ 1948ರಲ್ಲೇ ಅದರ ಛಾಯಾಗ್ರಾಹಕರಾದರು. ಕೆಲವೇ ದಿನಗಳಲ್ಲಿ ಬೊಂಬಾಯಿಯ ಇಲಸ್ಟ್ರೇಟೆಡ್ ವೀಕ್ಲಿ ಬಳಗವನ್ನು ಸೇರಿಕೊಂಡರು. ದೇಶದ ಸಚಿತ್ರ ವಾರಪತ್ರಿಕೆಗಳಲ್ಲಿ ಅದಕ್ಕೆ ಆಗ ಸಾಟಿಯಿರಲಿಲ್ಲ. ಆದರೂ ಅಲ್ಲಿ ಅವರು ಬಹುಕಾಲ ನಿಲ್ಲಲಿಲ್ಲ. ತಿಂಗಳ ಸಂಬಳದ ಭದ್ರತೆಯನ್ನು ತೊರೆದು ಸ್ವತಂತ್ರ ಛಾಯಾಗ್ರಾಹಕರಾದರು. ಅಮೆರಿಕದ ಬ್ಲ್ಯಾಕ್ ಸ್ಟಾರ್ ಸಂಸ್ಥೆಯ ಮೂಲಕ ಅವರ ಚಿತ್ರಗಳು ಲೈಫ್, ಟೈಮ್, ನ್ಯೂಸ್‌ವೀಕ್‌ನಂತಹ ಪತ್ರಿಕೆಗಳನ್ನು ತಲುಪಿದವು. ವೃತ್ತಿಜೀವನದ ಬಹುಭಾಗ ದೆಹಲಿಯಲ್ಲಿ ಕಳೆಯಿತು.

ಸ್ವತಂತ್ರ ವೃತ್ತಿಯೆಂದರೆ ಮಾರಾಟವಾದ ಚಿತ್ರಕ್ಕಷ್ಟೇ ಹಣ. ಭಾರತದಿಂದ ಹೊರದೇಶದ ಪತ್ರಿಕೆಗಳಿಗೆ ಬೇಕಾಗಿದ್ದದ್ದು ಹೆಚ್ಚಾಗಿ ಬರ, ಹಸಿವು, ಹಾವಾಡಿಗ, ಮಹಾರಾಜ. ಬಡವನ ಮುಖವನ್ನು ಕರುಣಾಜನಕವಾಗಿ ಕಾಣಿಸಿದರೆ ಮಾರುಕಟ್ಟೆ ಸಿದ್ಧವಿತ್ತು. ಅನ್ನ ನೀಡುವ ಮಾರುಕಟ್ಟೆಯ ಬೇಡಿಕೆಗೂ ಕಣ್ಣೆದುರು ನಿಂತ ಮನುಷ್ಯನ ಮಾನಕ್ಕೂ ನಡುವೆ ಆಯ್ಕೆ ಮಾಡಿಕೊಳ್ಳಬೇಕಾದ ಇಕ್ಕಟ್ಟು ಅದು. ಸತ್ಯನ್ ಅವರ ಚಿತ್ರಗಳಲ್ಲಿ ಬಡತನ ಕಾಣುತ್ತದೆ, ಆದರೆ ಬಡವ ಕುಗ್ಗಿ ಕಾಣುವುದಿಲ್ಲ. ಬೀದಿಯ ಮಕ್ಕಳು ನಗುತ್ತಾರೆ, ಮುದುಕಿಯರು ನೆಟ್ಟಗೆ ನೋಡುತ್ತಾರೆ, ದುಡಿಯುವವರು ತಮ್ಮ ದುಡಿಮೆಯಲ್ಲಿ ಮಗ್ನರಾಗಿರುತ್ತಾರೆ.

ಆ ಕಾಲದ ಪತ್ರಿಕಾ ಛಾಯಾಗ್ರಾಹಕರ ನೆಚ್ಚಿನ ಸಾಧನ ರೋಲಿಫ್ಲೆಕ್ಸ್. ಒಂದರ ಮೇಲೊಂದು ಎರಡು ಮಸೂರಗಳಿದ್ದ ಈ ಕ್ಯಾಮೆರಾವನ್ನು ಕಣ್ಣಿಗೆ ಹಿಡಿಯುತ್ತಿರಲಿಲ್ಲ. ಎದೆಯ ಬಳಿ ಹಿಡಿದು, ತಲೆ ಬಾಗಿಸಿ, ಮೇಲಿನ ಗಾಜಿನಲ್ಲಿ ಮೂಡುವ ಬಿಂಬವನ್ನು ನೋಡಬೇಕಿತ್ತು. ಬಿಂಬ ಎಡಬಲ ತಿರುವಾಗಿ ಕಾಣುತ್ತಿತ್ತು. ಚಿತ್ರ ತೆಗೆಸಿಕೊಳ್ಳುವವರ ಮತ್ತು ತೆಗೆಯುವವರ ಮುಖಗಳ ನಡುವೆ ಯಂತ್ರದ ಅಡ್ಡಗೋಡೆ ಇರುತ್ತಿರಲಿಲ್ಲ. ಮಾತು ನಡೆಯುತ್ತಿರುವಾಗಲೇ ಬೆರಳು ಗುಂಡಿ ಒತ್ತಬಹುದಿತ್ತು. ಕ್ಯಾಮೆರಾ ಎದೆಮಟ್ಟದಲ್ಲಿ ಇರುತ್ತಿದ್ದುದರಿಂದ ನೆಲದ ಮೇಲೆ ಕುಳಿತವರನ್ನೂ ಮಕ್ಕಳನ್ನೂ ತೀರಾ ಮೇಲಿನಿಂದ ನೋಡಿದಂತೆ ಆಗುತ್ತಿರಲಿಲ್ಲ. ಒಂದು ಸುರುಳಿಗೆ ಹನ್ನೆರಡೇ ಚಿತ್ರಗಳು. ಸುರುಳಿ ತೊಳೆದು ನೋಡುವವರೆಗೆ ಏನು ದಕ್ಕಿತು, ಏನು ತಪ್ಪಿತು ಎಂಬುದು ತಿಳಿಯದು. ಆದ್ದರಿಂದ ಆ ಪೀಳಿಗೆಯವರು ಬೆಳಕನ್ನು ಮೊದಲೇ ಅಳೆದು, ಎದುರಿನವರ ಸಂಕೋಚ ಕರಗುವವರೆಗೆ ಕಾದು, ನಂತರವೇ ಗುಂಡಿ ಒತ್ತುವುದನ್ನು ರೂಢಿಸಿಕೊಂಡರು. ಕಿಟಕಿಯ ಬೆಳಕು, ಜಗುಲಿಯ ನೆರಳು, ಸಂಜೆಯ ಬಿಸಿಲು ಇವೇ ಅವರ ಸ್ಟುಡಿಯೋ.

ಗಣ್ಯರೂ ಸತ್ಯನ್ ಅವರ ಕ್ಯಾಮೆರಾದ ಎದುರು ನಿಂತರು. ಜವಾಹರಲಾಲ್ ನೆಹರೂ ಅವರನ್ನು ಅನೇಕ ಬಾರಿ ಚಿತ್ರಿಸಿದರು. ಇಳಿವಯಸ್ಸಿನ ಸರ್ ಎಂ. ವಿಶ್ವೇಶ್ವರಯ್ಯನವರ ಘನತೆಯನ್ನು ಹಿಡಿದಿಟ್ಟರು. ಕಾದಂಬರಿಕಾರ ಆರ್.ಕೆ. ನಾರಾಯಣ್ ಅವರೊಂದಿಗಿನ ಒಡನಾಟವಂತೂ ವಿಶೇಷವಾದದ್ದು. ಮೈಸೂರಿನ ರಸ್ತೆಗಳಲ್ಲಿ ಇಬ್ಬರೂ ಜೊತೆಯಾಗಿ ಅಡ್ಡಾಡುತ್ತಿದ್ದರು. ಮಾಲ್ಗುಡಿಯ ಕರ್ತೃವನ್ನು ಓದುಗರು ನೆನಪಿಸಿಕೊಳ್ಳುವ ಎಷ್ಟೋ ಭಾವಚಿತ್ರಗಳು ಸತ್ಯನ್ ತೆಗೆದವು. ಅಲ್ಲಿ ಸಾಹಿತಿಯ ಗತ್ತಿಲ್ಲ. ನೆರೆಮನೆಯ ಹಿರಿಯರೊಬ್ಬರನ್ನು ಕಂಡ ಸಲುಗೆಯಿದೆ. ಆ ಸಲುಗೆಯನ್ನು ತಂದುಕೊಟ್ಟದ್ದು ವರ್ಷಗಟ್ಟಲೆಯ ಸ್ನೇಹ.

ಗಣ್ಯರ ಚಿತ್ರಗಳಷ್ಟೇ ಆಗಿದ್ದರೆ ಸತ್ಯನ್ ಅನೇಕರಲ್ಲಿ ಒಬ್ಬರಾಗಿ ಉಳಿಯುತ್ತಿದ್ದರು. ಅವರ ಹೆಸರು ನಿಂತಿರುವುದು ಹೆಸರಿಲ್ಲದವರ ಚಿತ್ರಗಳಿಂದ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್‌ಗಾಗಿ ಅವರು ದೇಶದ ಹಳ್ಳಿಗಳನ್ನು ಸುತ್ತಿದರು. ಸಿಡುಬು ಇನ್ನೂ ಊರೂರಲ್ಲಿ ಜೀವ ತೆಗೆಯುತ್ತಿದ್ದ ದಿನಗಳವು. ಮುಖವನ್ನೇ ಗುರಿಯಾಗಿಸುವ ರೋಗವದು. ಬದುಕುಳಿದವರಿಗೂ ಕಲೆಗಳನ್ನು ಬಿಟ್ಟುಹೋಗುತ್ತಿತ್ತು. ಅಂಥ ಮುಖವನ್ನು ಹೇಗೆ ಚಿತ್ರಿಸುವುದು? ಅಸಹ್ಯ ಹುಟ್ಟಿಸದೆ, ಸತ್ಯವನ್ನು ಮರೆಮಾಚದೆ, ಲಸಿಕೆಯ ಅಗತ್ಯವನ್ನು ನೋಡುಗರಿಗೆ ಮನಗಾಣಿಸುವುದು ಹೇಗೆ? ಭಾವಚಿತ್ರ ಕಲೆಗೆ ಇದಕ್ಕಿಂತ ಕಠಿಣ ಪರೀಕ್ಷೆ ಇರಲಾರದು. ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣ ಕಂಡದ್ದು 1975ರಲ್ಲಿ. ಆ ದೀರ್ಘ ಹೋರಾಟದ ನೆನಪನ್ನು ಉಳಿಸಿದವರಲ್ಲಿ ಮೈಸೂರಿನ ಈ ಛಾಯಾಗ್ರಾಹಕರೂ ಸೇರಿದ್ದಾರೆ.

1977ರಲ್ಲಿ ಭಾರತ ಸರ್ಕಾರ ಪದ್ಮಶ್ರೀ ನೀಡಿ ಗೌರವಿಸಿತು. ಎರಡು ವರ್ಷಗಳ ಬಳಿಕ, 1979ರ ಅಂತಾರಾಷ್ಟ್ರೀಯ ಮಕ್ಕಳ ವರ್ಷದಲ್ಲಿ, ಅವರು ತೆಗೆದ ಮಕ್ಕಳ ಚಿತ್ರಗಳ ಪ್ರದರ್ಶನ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲಿ ನಡೆಯಿತು. ತಮ್ಮ ಹಳ್ಳಿಯ ಗಡಿಯನ್ನೇ ದಾಟಿರದ ಮಕ್ಕಳ ಮುಖಗಳು ಜಗತ್ತಿನ ರಾಷ್ಟ್ರಗಳು ಕೂಡುವ ಅಂಗಳದಲ್ಲಿ ನಿಂತವು.

ಶಾರದಾ ಪ್ರಸಾದ್ ಅವರ ಬರಹ ಮತ್ತು ಸತ್ಯನ್ ಅವರ ಚಿತ್ರಗಳು ಜೊತೆಗೂಡಿದ ಎಕ್ಸ್‌ಪ್ಲೋರಿಂಗ್ ಕರ್ನಾಟಕ 1981ರಲ್ಲಿ ಪ್ರಕಟವಾಯಿತು. ದೆಹಲಿಯ ಓಡಾಟ ಮುಗಿಸಿ ಮೈಸೂರಿಗೆ ಮರಳಿದ ಸತ್ಯನ್ ಲೇಖನಿಯನ್ನೂ ಹಿಡಿದರು. ಕಾಲಕ್ಕೆ ಕನ್ನಡಿ ಎಂಬ ಕನ್ನಡ ಕೃತಿ ಹಾಗೂ ಅಲೈವ್ ಅಂಡ್ ಕ್ಲಿಕ್ಕಿಂಗ್ ಎಂಬ ಇಂಗ್ಲಿಷ್ ಆತ್ಮಕಥನ ಆ ಬದುಕಿನ ಫಲ. 2009ರ ಡಿಸೆಂಬರ್ 13ರಂದು, 86ನೆಯ ಹುಟ್ಟುಹಬ್ಬಕ್ಕೆ ಐದು ದಿನಗಳು ಉಳಿದಿರುವಾಗ, ಮೈಸೂರಿನಲ್ಲಿ ಅವರು ಕೊನೆಯುಸಿರೆಳೆದರು. ಅಷ್ಟರಲ್ಲಿ ಫಿಲ್ಮ್ ಸುರುಳಿಯ ಯುಗ ಬಹುಪಾಲು ಮುಗಿದಿತ್ತು. ಡಿಜಿಟಲ್ ಕ್ಯಾಮೆರಾ ಮನೆಮನೆಯ ವಸ್ತುವಾಗಿತ್ತು.

ಡಿಜಿಟಲ್ ಯುಗ ಕಲಿಕೆಯ ಖರ್ಚನ್ನು ಇಳಿಸಿದೆ. ಹನ್ನೆರಡರ ಮಿತಿ ಹೋಗಿ ಸಾವಿರ ಚಿತ್ರಗಳ ಸ್ವಾತಂತ್ರ್ಯ ಬಂದಿದೆ. ತಪ್ಪು ತಕ್ಷಣ ಪರದೆಯ ಮೇಲೆ ಕಾಣುತ್ತದೆ, ತಕ್ಷಣ ತಿದ್ದಬಹುದು. ಹಿನ್ನೆಲೆಯನ್ನು ಮಸುಕಾಗಿಸಲು, ಮೈಬಣ್ಣ ತಿಳಿಗೊಳಿಸಲು, ಸುಕ್ಕುಗಳನ್ನು ಅಳಿಸಲು ಒಂದು ಸ್ಪರ್ಶ ಸಾಕು. ಆದರೆ ಸುಕ್ಕು ಅಳಿದಾಗ ಅದರೊಡನೆ ಒಂದು ಬದುಕಿನ ಗುರುತೂ ಅಳಿದುಹೋಗುತ್ತದೆ ಎಂಬುದನ್ನು ಯಂತ್ರ ಹೇಳಿಕೊಡುವುದಿಲ್ಲ. ಸತ್ಯನ್ ಅವರ ಚಿತ್ರಗಳು ಅದನ್ನು ಹೇಳಿಕೊಡುತ್ತವೆ.

ವಿಜಯಪುರದಿಂದ ಪಶ್ಚಿಮಕ್ಕೆ ಹೊರಟ ಅಥಣಿ ರಸ್ತೆ ತಿಕೋಟಾದ ದ್ರಾಕ್ಷಿ ತೋಟಗಳ ನಾಡನ್ನು ಹಾದುಹೋಗುತ್ತದೆ. ಗೊನೆ ಕತ್ತರಿಸುವ ಹೆಂಗಳೆಯರು, ಒಣದ್ರಾಕ್ಷಿ ಹರಡುವ ಕೂಲಿಗಳು, ಕುರಿ ಹಿಂಡಿನೊಡನೆ ನಡೆಯುವ ಹಿರಿಯರು ಅಲ್ಲಿ ಕಾಣಸಿಗುತ್ತಾರೆ. ನಗರದ ಗುಮ್ಮಟಗಳ ಚಿತ್ರಗಳಿಗೆ ಎಂದೂ ಕೊರತೆಯಾಗಿಲ್ಲ. ಈ ಮುಖಗಳು ಇನ್ನೂ ಕಾಯುತ್ತಿವೆ. ಕ್ಯಾಮೆರಾ ತೆಗೆಯುವ ಮೊದಲು ಹೆಸರು ಕೇಳಿ, ಒಂದಿಷ್ಟು ಹೊತ್ತು ಪಕ್ಕದಲ್ಲಿ ಕುಳಿತು, ಅವರ ಒಪ್ಪಿಗೆ ಪಡೆದು, ತೆಗೆದ ಚಿತ್ರದ ಒಂದು ಪ್ರತಿಯನ್ನು ಅವರಿಗೇ ತಲುಪಿಸುವವರು ಬಂದರೆ, ಸತ್ಯನ್ ಬದುಕಿದ ರೀತಿಗೆ ಅದಕ್ಕಿಂತ ದೊಡ್ಡ ಗೌರವ ಬೇರೊಂದಿರದು.