ತಾರಾಬಾಯಿ ಮೋಡಕ್

ತಾರಾಬಾಯಿ ಮೋಡಕ್ (ಏಪ್ರಿಲ್ 19, 1892 – ಆಗಸ್ಟ್ 31, 1973) ಭಾರತದ ಶಿಶುಶಿಕ್ಷಣ ತಜ್ಞೆ ಹಾಗೂ ಸಮಾಜ ಸೇವಕಿ. ಶಾಲೆಗೆ ಸೇರುವ ವಯಸ್ಸಿಗೆ ಮುಂಚಿನ ಮಕ್ಕಳ ಕಲಿಕೆಗೆ ಬೆಲೆಬಾಳುವ ಉಪಕರಣಗಳು ಅನಿವಾರ್ಯವಲ್ಲವೆಂದೂ, ಮನೆಯ ಸುತ್ತಮುತ್ತ ದೊರೆಯುವ ಕಲ್ಲು, ಎಲೆ, ಬೀಜ, ಮಣ್ಣುಗಳೇ ಆ ಕೆಲಸಕ್ಕೆ ಸಾಕೆಂದೂ ತೋರಿಸಿಕೊಟ್ಟವರಲ್ಲಿ ಇವರು ಪ್ರಮುಖರು. ಮಹಾರಾಷ್ಟ್ರದ ಕರಾವಳಿಯ ಬೋರ್ಡಿ ಗ್ರಾಮದಲ್ಲಿ 1945ರಲ್ಲಿ ಇವರು ಆರಂಭಿಸಿದ ಬಾಲವಾಡಿಯ ಪ್ರಯೋಗಗಳಿಂದಲೇ ಅಂಗನವಾಡಿಯ ಕಲ್ಪನೆ ರೂಪುಗೊಂಡಿತು. 1962ರಲ್ಲಿ ಭಾರತ ಸರ್ಕಾರವು ಇವರಿಗೆ ಪದ್ಮಭೂಷಣ ಪ್ರಶಸ್ತಿ ನೀಡಿತು.

ಜನನ ಮತ್ತು ವಿದ್ಯಾಭ್ಯಾಸ

ತಾರಾಬಾಯಿಯವರು 1892ರಲ್ಲಿ ಮುಂಬಯಿಯಲ್ಲಿ ಜನಿಸಿದರು. ತವರಿನ ಮನೆತನದ ಹೆಸರು ಕೇಳ್ಕರ್. ಮನೆಯಲ್ಲಿ ಪ್ರಾರ್ಥನಾ ಸಮಾಜದ ಸುಧಾರಣಾವಾದಿ ವಾತಾವರಣವಿತ್ತು. ಹೆಣ್ಣುಮಕ್ಕಳಿಗೆ ಅಕ್ಷರಾಭ್ಯಾಸವೇ ಅಪರೂಪವಾಗಿದ್ದ ಕಾಲದಲ್ಲಿ ಇವರು ಉನ್ನತ ಶಿಕ್ಷಣವನ್ನು ಮುಂದುವರಿಸಿ, 1914ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಪದವಿ ಪಡೆದರು.

ವಿವಾಹ ಮತ್ತು ರಾಜಕೋಟೆಯ ದಿನಗಳು

ಅಮರಾವತಿಯಲ್ಲಿ ವಕೀಲರಾಗಿದ್ದ ಮೋಡಕ್ ಅವರೊಡನೆ ಇವರ ವಿವಾಹವಾಯಿತು. ದಾಂಪತ್ಯವು ಹೆಚ್ಚು ಕಾಲ ಉಳಿಯಲಿಲ್ಲ; 1921ರಲ್ಲಿ ಪತಿಯಿಂದ ಬೇರೆಯಾದರು. ಎಳೆಯ ಮಗಳ ಪಾಲನೆ ಮತ್ತು ಸ್ವಂತ ಜೀವನೋಪಾಯ ಎರಡೂ ಇವರ ಮೇಲೆಯೇ ಬಿದ್ದವು. ಸೌರಾಷ್ಟ್ರದ ರಾಜಕೋಟೆಗೆ ತೆರಳಿ ಅಲ್ಲಿನ ಬಾರ್ಟನ್ ಮಹಿಳಾ ಅಧ್ಯಾಪಕಿಯರ ತರಬೇತಿ ಕಾಲೇಜಿನ ಪ್ರಾಂಶುಪಾಲೆಯಾದರು. ಗೌರವಯುತ ಹುದ್ದೆಯೂ ನಿಶ್ಚಿತ ವೇತನವೂ ಇದ್ದ ಆ ಕೆಲಸವನ್ನು ಬಿಟ್ಟು, ಆಗಿನ್ನೂ ಪ್ರಯೋಗಾವಸ್ಥೆಯಲ್ಲಿದ್ದ ಒಂದು ಬಾಲಮಂದಿರವನ್ನು ಸೇರಿದ್ದು ಇವರ ಜೀವನದ ಮುಖ್ಯ ತಿರುವು.

ಭಾವನಗರ ಮತ್ತು ಗಿಜುಭಾಯಿ ಬಧೇಕಾ

ವಕೀಲ ವೃತ್ತಿಯನ್ನು ತೊರೆದು ಶಿಕ್ಷಕರಾಗಿದ್ದ ಗಿಜುಭಾಯಿ ಬಧೇಕಾ (1885–1939) ಅವರು ಭಾವನಗರದ ದಕ್ಷಿಣಾಮೂರ್ತಿ ಸಂಸ್ಥೆಯಲ್ಲಿ 1920ರಲ್ಲಿ ಬಾಲಮಂದಿರವನ್ನು ಆರಂಭಿಸಿದ್ದರು. ಇಟಲಿಯ ವೈದ್ಯೆ ಹಾಗೂ ಶಿಕ್ಷಣ ತಜ್ಞೆ ಮರಿಯಾ ಮಾಂಟೆಸ್ಸರಿಯವರ ಪದ್ಧತಿ ಅದಕ್ಕೆ ಆಧಾರವಾಗಿತ್ತು. ಮಗುವು ಇಂದ್ರಿಯಗಳ ಮೂಲಕ, ತನ್ನ ಕೈಯಿಂದಲೇ ಕೆಲಸ ಮಾಡಿ, ತನ್ನದೇ ವೇಗದಲ್ಲಿ ಕಲಿಯುತ್ತದೆ ಎಂಬುದು ಆ ಪದ್ಧತಿಯ ತಿರುಳು. ಗಿಜುಭಾಯಿಯವರು ಅದರ ಜೊತೆಗೆ ದೇಶೀಯವಾದ ಕಥೆ, ಹಾಡು, ನಾಟಕ ಮತ್ತು ಮಣ್ಣಿನ ಕೆಲಸಗಳನ್ನು ಸೇರಿಸಿದರು.

ತಾರಾಬಾಯಿಯವರು 1923ರಲ್ಲಿ ಈ ಬಾಲಮಂದಿರವನ್ನು ಸೇರಿ, ಸುಮಾರು ಒಂಬತ್ತು ವರ್ಷಗಳ ಕಾಲ ಗಿಜುಭಾಯಿಯವರ ಸಹೋದ್ಯೋಗಿಯಾಗಿ ದುಡಿದರು. ಪುಟ್ಟ ಮಕ್ಕಳನ್ನು ಗದರಿಸದೆ, ಹೊಡೆಯದೆ, ಆಮಿಷವೊಡ್ಡದೆ ಕಲಿಸುವ ಕ್ರಮ ಆಗಿನ ಸಮಾಜಕ್ಕೆ ಹೊಸದು. ಅದನ್ನು ತಂದೆತಾಯಿಯರಿಗೂ ಶಿಕ್ಷಕರಿಗೂ ತಿಳಿಸುವ ಸಲುವಾಗಿ 1926ರಲ್ಲಿ ನೂತನ ಬಾಲ ಶಿಕ್ಷಣ ಸಂಘವು ಸ್ಥಾಪನೆಯಾಯಿತು. ಅದರ ಸಂಘಟನೆಯಲ್ಲಿ ಇಬ್ಬರೂ ಜೊತೆಯಾಗಿದ್ದರು. ಸಂಘದ ಮುಖವಾಣಿಯಾದ ಶಿಕ್ಷಣ ಪತ್ರಿಕೆಯನ್ನು ತಾರಾಬಾಯಿಯವರು ಮುಂದೆ ಮರಾಠಿಯಲ್ಲಿಯೂ ನಡೆಸಿದರು.

ದಾದರಿನ ಶಿಶುವಿಹಾರ

ಮುಂಬಯಿಗೆ ಮರಳಿದ ಅನಂತರ 1936ರಲ್ಲಿ ದಾದರಿನಲ್ಲಿ ಶಿಶುವಿಹಾರವನ್ನು ಸ್ಥಾಪಿಸಿದರು. ಶಿಶುವಿಹಾರಕ್ಕೆ ಮಧ್ಯಮ ವರ್ಗದ ಬೆಂಬಲ ದೊರೆಯಿತು. ಆದರೆ ಮಾಂಟೆಸ್ಸರಿ ಪದ್ಧತಿಯ ಮರದ ದಿಮ್ಮಿಗಳು, ಬಣ್ಣದ ಫಲಕಗಳು, ಅಳತೆಗೆ ತಕ್ಕಂತೆ ಕಡೆದ ಕೊಳವೆ ಮತ್ತು ಘನಗಳು ದುಬಾರಿಯಾದವು. ಅವುಗಳಿಗೆ ಬೇಕಾದ ಕಟ್ಟಡ, ಕಪಾಟು, ತರಬೇತಿ ಪಡೆದ ಶಿಕ್ಷಕಿಯರು ಎಲ್ಲವೂ ನಗರದ ಉಳ್ಳವರಿಗೆ ಮಾತ್ರ ಎಟುಕುವಂಥವು. ದೇಶದ ಬಹುಪಾಲು ಮಕ್ಕಳಿದ್ದುದು ಹಳ್ಳಿಗಳಲ್ಲಿ. ಉತ್ತಮ ಶಿಶುಶಿಕ್ಷಣವು ಹಣವುಳ್ಳವರ ಸ್ವತ್ತಾಗಿಯೇ ಉಳಿಯಬೇಕೆ ಎಂಬ ಪ್ರಶ್ನೆ ಅವರ ಮುಂದಿನ ಕೆಲಸವನ್ನು ನಿರ್ಧರಿಸಿತು. ಇದೇ ಕಾಲದಲ್ಲಿ ಮಹಾತ್ಮ ಗಾಂಧಿಯವರ ನಯೀ ತಾಲೀಮ್ ವಿಚಾರವು ಕೈಕೆಲಸವನ್ನು ಶಿಕ್ಷಣದ ನಡುವೆ ತಂದಿತ್ತು. ಮೊದಲು ಶಾಲಾ ವಯಸ್ಸಿನ ಮಕ್ಕಳನ್ನು ಕುರಿತಿದ್ದ ಆ ವಿಚಾರ, 1945ರ ವೇಳೆಗೆ ಇನ್ನೂ ಎಳೆಯ ಮಕ್ಕಳನ್ನೂ ಒಳಗೊಂಡಿತು.

ಬೋರ್ಡಿಯ ಬಾಲವಾಡಿ

1945ರಲ್ಲಿ ತಾರಾಬಾಯಿಯವರು ಆಗಿನ ಠಾಣೆ ಜಿಲ್ಲೆಯ (ಈಗಿನ ಪಾಲಘರ್ ಜಿಲ್ಲೆ) ಕಡಲತೀರದ ಊರಾದ ಬೋರ್ಡಿಯಲ್ಲಿ ಗ್ರಾಮ ಬಾಲ ಶಿಕ್ಷಾ ಕೇಂದ್ರವನ್ನು ತೆರೆದರು. ಆಗ ಅವರಿಗೆ 53 ವರ್ಷ. ಬಾಲ್ಯದಲ್ಲಿಯೇ ವಿಧವೆಯಾಗಿ, ಓದಿ ಶಿಕ್ಷಕಿಯಾಗಿದ್ದ ಅನುತಾಯಿ ವಾಘ್ (1910–1992) ಅವರು ಅಲ್ಲಿ ಇವರನ್ನು ಸೇರಿಕೊಂಡು, ಮುಂದೆ ಇವರ ಕೆಲಸದ ಉತ್ತರಾಧಿಕಾರಿಯಾದರು.

ಬಾಲವಾಡಿಯನ್ನು ತೆರೆದ ಮಾತ್ರಕ್ಕೆ ಮಕ್ಕಳು ಬರಲಿಲ್ಲ. ದಲಿತರ ಕೇರಿಯ ಮಕ್ಕಳು ಊರಿನ ನಡುವಿನ ಕೇಂದ್ರಕ್ಕೆ ಬರಲು ಹಿಂಜರಿದರು. ತಾಯಂದಿರು ಕೂಲಿಗೆ ಹೋಗುತ್ತಿದ್ದುದರಿಂದ ಪುಟ್ಟವರನ್ನು ಕರೆತಂದು ಬಿಡುವವರೂ ಇರಲಿಲ್ಲ. ಬಂದ ಮಕ್ಕಳಲ್ಲಿ ಕೆಲವರಿಗೆ ಸ್ನಾನ ಮಾಡಿಸಿ, ತಲೆ ಬಾಚಿ, ಉಗುರು ಕತ್ತರಿಸುವುದೇ ಶಿಕ್ಷಕಿಯರ ಮೊದಲ ಪಾಠವಾಯಿತು.

ಅಂಗಳಕ್ಕೆ ಬಂದ ಶಾಲೆ

ಮಗು ಶಾಲೆಗೆ ಬಾರದಿದ್ದರೆ ಶಾಲೆಯೇ ಮಗುವಿನ ಬಳಿಗೆ ಹೋಗಬೇಕು ಎಂಬ ನಿಲುವಿನಿಂದ ಶಿಕ್ಷಕಿಯರು ಕೇರಿಗೆ ಹೋಗಿ, ಯಾವುದಾದರೊಂದು ಮನೆಯ ಅಂಗಳದಲ್ಲಿಯೇ ಮಕ್ಕಳನ್ನು ಕೂಡಿಸಿ ಚಟುವಟಿಕೆ ನಡೆಸತೊಡಗಿದರು. ಮರಾಠಿಯ ಅಂಗಣವು ಕನ್ನಡದ ಅಂಗಳವೇ ಆಗಿದ್ದು, ಅಂಗನವಾಡಿ ಎಂಬ ಹೆಸರು ಈ ಕ್ರಮದಿಂದ ಬಂದಿತು.

ಸ್ಥಳ ಬದಲಾದುದರಿಂದ ಎರಡು ಪರಿಣಾಮಗಳಾದವು. ಮೊದಲನೆಯದಾಗಿ, ಕಟ್ಟಡದ ಖರ್ಚು ಇಲ್ಲವಾಯಿತು. ಎರಡನೆಯದಾಗಿ, ಮನೆಯ ಅಜ್ಜಿಯರು, ಅಕ್ಕಂದಿರು ಮತ್ತು ಬಿಡುವಿದ್ದ ತಾಯಂದಿರು ಮಕ್ಕಳ ಕಲಿಕೆಯನ್ನು ಕಣ್ಣಾರೆ ಕಂಡರು. ಶಿಕ್ಷಕಿ ಹೊರಟುಹೋದ ಮೇಲೂ ಅದೇ ಆಟವನ್ನು ಅದೇ ಅಂಗಳದಲ್ಲಿ ಮುಂದುವರಿಸಲು ಅವರಿಗೆ ಸಾಧ್ಯವಿತ್ತು.

ಕಲಿಕಾ ಸಾಮಗ್ರಿ ಮತ್ತು ಚಟುವಟಿಕೆಗಳು

ತಾರಾಬಾಯಿಯವರು ಮಾಂಟೆಸ್ಸರಿ ಪದ್ಧತಿಯ ತತ್ತ್ವವನ್ನು ಉಳಿಸಿಕೊಂಡು ಅದರ ಸಾಮಗ್ರಿಯನ್ನು ಬದಲಿಸಿದರು. ಉಪಕರಣವೊಂದು ಮಗುವಿನಲ್ಲಿ ಯಾವ ಸಾಮರ್ಥ್ಯವನ್ನು ಬೆಳೆಸುತ್ತದೆ ಎಂಬುದನ್ನು ಗುರುತಿಸಿ, ಅದೇ ಕೆಲಸವನ್ನು ಮಾಡಬಲ್ಲ ಸ್ಥಳೀಯ ವಸ್ತುವನ್ನು ಹುಡುಕುವುದು ಇದರ ಕ್ರಮ. ಮೂರು ವರ್ಷದ ಆಸುಪಾಸಿನ ಮಕ್ಕಳಿಗೆ ಹೊಂದುವ ಇಂಥ ಚಟುವಟಿಕೆಗಳನ್ನು ಹೀಗೆ ವಿಂಗಡಿಸಬಹುದು:

ವಿಂಗಡಣೆ ಮತ್ತು ಕ್ರಮ: ಬೆಣಚುಕಲ್ಲು, ಕಪ್ಪೆಚಿಪ್ಪು, ಎಲೆಗಳನ್ನು ಗಾತ್ರ, ಬಣ್ಣ ಅಥವಾ ಆಕಾರಕ್ಕೆ ತಕ್ಕಂತೆ ಗುಂಪು ಮಾಡುವುದು, ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಜೋಡಿಸುವುದು. ಮರದ ಘನಗಳ ಗೋಪುರದಿಂದ ಮಗು ಕಲಿಯುವ ಹೋಲಿಕೆ ಮತ್ತು ವ್ಯತ್ಯಾಸಗಳ ಅರಿವು ಇದರಿಂದಲೂ ಬರುತ್ತದೆ.

ಸ್ಪರ್ಶ, ನಾದ, ವಾಸನೆ: ಒರಟು ಮತ್ತು ನುಣುಪಾದ ಎಲೆಗಳನ್ನು ಕಣ್ಣುಮುಚ್ಚಿ ಮುಟ್ಟಿ ಗುರುತಿಸುವುದು, ಡಬ್ಬಿಗಳಲ್ಲಿ ಮರಳು, ಕಾಳು, ಕಲ್ಲುಗಳನ್ನು ಹಾಕಿ ಅಲುಗಾಡಿಸಿ ಸದ್ದಿನ ಭೇದ ತಿಳಿಯುವುದು, ಹೂವು ಮತ್ತು ಸೊಪ್ಪುಗಳ ವಾಸನೆ ಹಿಡಿಯುವುದು.

ಬೆರಳುಗಳ ಹಿಡಿತ: ಹೂ ಪೋಣಿಸುವುದು, ಮಣ್ಣನ್ನು ನಾದಿ ಉಂಡೆ ಮಾಡುವುದು, ಗರಿಗಳನ್ನು ಹೆಣೆಯುವುದು, ನೆಲದ ಮೇಲೆ ರಂಗೋಲಿಯ ಗೆರೆ ಎಳೆಯುವುದು. ಮುಂದೆ ಬಳಪ ಹಿಡಿಯಲು ಬೇಕಾದ ಹೆಬ್ಬೆರಳು ಮತ್ತು ತೋರುಬೆರಳುಗಳ ಹೊಂದಾಣಿಕೆ ಇವುಗಳಿಂದ ಬಲಗೊಳ್ಳುತ್ತದೆ.

ದೈನಂದಿನ ಕೆಲಸ: ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಚೆಲ್ಲದಂತೆ ನೀರು ಸುರಿಯುವುದು, ಕೈ ತೊಳೆಯುವುದು, ಕಸ ಗುಡಿಸುವುದು, ಗಿಡಕ್ಕೆ ನೀರೆರೆಯುವುದು.

ಮಾತು ಮತ್ತು ಎಣಿಕೆ: ಮನೆಮಾತಿನ ಹಾಡು, ಕಥೆ, ಒಗಟುಗಳು, ಕಲ್ಲು ಮತ್ತು ಕಡ್ಡಿಗಳನ್ನು ಮುಟ್ಟಿ ಎಣಿಸುವುದು.

ಇಂಥ ಚಟುವಟಿಕೆಗಳಲ್ಲಿ ಹಿರಿಯರ ಪಾತ್ರ ಸೀಮಿತವಾದುದು. ಒಮ್ಮೆ ನಿಧಾನವಾಗಿ ಮಾಡಿ ತೋರಿಸುವುದು, ಅನಂತರ ಮಗುವಿಗೆ ಬಿಟ್ಟುಕೊಡುವುದು, ತಪ್ಪಿದರೂ ಕೈಯಿಂದ ಕಸಿದುಕೊಳ್ಳದಿರುವುದು ಮುಖ್ಯ. ಆದರೆ ತೀರ ಎಳೆಯ ಮಕ್ಕಳು ಸಿಕ್ಕಿದ್ದನ್ನು ಬಾಯಿಗೆ ಹಾಕಿಕೊಳ್ಳುವುದರಿಂದ ಬೀಜ ಮತ್ತು ಸಣ್ಣ ಕಲ್ಲುಗಳನ್ನು ಅವರ ಕೈಗೆ ಕೊಡದೆ, ದೊಡ್ಡ ವಸ್ತುಗಳನ್ನೇ ಬಳಸುವುದು ಮತ್ತು ಹಿರಿಯರೊಬ್ಬರು ಹತ್ತಿರವೇ ಇರುವುದು ಅಗತ್ಯ.

ಕೋಸಬಾಡದ ಪ್ರಯೋಗಗಳು

1957ರಲ್ಲಿ ಸಂಸ್ಥೆಯ ಕೆಲಸವು ಡಹಾಣು ತಾಲ್ಲೂಕಿನ ಕೋಸಬಾಡ ಗುಡ್ಡಕ್ಕೆ, ವಾರ್ಲಿ ಆದಿವಾಸಿಗಳ ನಡುವೆ ವಿಸ್ತರಿಸಿತು. ಅಲ್ಲಿನ ಬಡತನ ಬೋರ್ಡಿಗಿಂತ ತೀವ್ರವಾಗಿತ್ತು. ಹಿರಿಯ ಮಕ್ಕಳು ದನ ಕಾಯಲು ಹೋಗುತ್ತಿದ್ದರು. ಹೆಣ್ಣುಮಕ್ಕಳು ತಮ್ಮತಂಗಿಯರನ್ನು ಎತ್ತಿಕೊಂಡು ತಿರುಗುತ್ತಿದ್ದರು. ಹೀಗಾಗಿ ಎಳೆಮಗುವಿನ ಪ್ರಶ್ನೆಯನ್ನು ಬಿಡಿಸದೆ ಅಕ್ಕನ ಶಾಲೆಯ ಪ್ರಶ್ನೆಯನ್ನು ಬಿಡಿಸುವಂತಿರಲಿಲ್ಲ.

ಇದಕ್ಕಾಗಿ ಕೂಸುಗಳ ಪಾಲನಾಗೃಹ, ಬಾಲವಾಡಿ ಮತ್ತು ಪ್ರಾಥಮಿಕ ಶಾಲೆಗಳನ್ನು ಒಂದೇ ಆವರಣದಲ್ಲಿ ಕೂಡಿಸಿದ ವಿಕಾಸವಾಡಿ ಎಂಬ ವ್ಯವಸ್ಥೆ ರೂಪುಗೊಂಡಿತು. ಅಕ್ಕ ಓದುವಾಗ ತಂಗಿ ಪಕ್ಕದಲ್ಲಿಯೇ ಆಡುತ್ತಿದ್ದಳು. ದನ ಕಾಯುವ ಮಕ್ಕಳಿಗಾಗಿ ಶಿಕ್ಷಕರು ಹುಲ್ಲುಗಾವಲಿಗೇ ಹೋಗಿ ಕಲಿಸುವ ಕುರಣಶಾಲೆಗಳನ್ನು ನಡೆಸಲಾಯಿತು.

ಕನ್ನಡ ನಾಡಿನ ಸಂದರ್ಭ

ತಾರಾಬಾಯಿಯವರು ಬೋರ್ಡಿಯಲ್ಲಿ ಕೆಲಸ ಆರಂಭಿಸಿದ ಕಾಲಕ್ಕೆ ಬೆಳಗಾವಿ ಜಿಲ್ಲೆಯೂ ಅದೇ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಅಥಣಿ ತಾಲ್ಲೂಕಿನ ತೆಲಸಂಗದಂಥ ಗಡಿಭಾಗದ ಕನ್ನಡ ಗ್ರಾಮಗಳು 1956ರ ನವೆಂಬರ್ 1ರ ರಾಜ್ಯ ಪುನರ್ವಿಂಗಡಣೆಯವರೆಗೆ ಮುಂಬಯಿಯ ಆಡಳಿತದಲ್ಲಿಯೇ ಇದ್ದವು.

ಅವರ ಪದ್ಧತಿ ನೆಚ್ಚಿಕೊಂಡಿದ್ದ ಬಗೆಯ ಕೈಕೆಲಸ ಈ ಭಾಗದ ಮನೆಗಳಲ್ಲಿ ಹಬ್ಬಗಳ ರೂಪದಲ್ಲಿ ಮೊದಲಿನಿಂದಲೂ ಉಳಿದುಬಂದಿದೆ. ಮಣ್ಣೆತ್ತಿನ ಅಮಾವಾಸ್ಯೆಯಂದು ಮಕ್ಕಳು ಹಿರಿಯರ ಪಕ್ಕದಲ್ಲಿ ಕುಳಿತು ಮಣ್ಣಿನ ಎತ್ತುಗಳನ್ನು ಮಾಡುತ್ತಾರೆ. ಆಷಾಢದ ಮಂಗಳವಾರಗಳಂದು ಹೆಣ್ಣುಮಕ್ಕಳು ಮಣ್ಣಿನ ಗುಳ್ಳವ್ವನನ್ನು ಮಾಡಿ ಸಿಂಗರಿಸುತ್ತಾರೆ. ಜೋಳದ ದಂಟಿನಿಂದ ಆಟದ ಬಂಡಿ ಕಟ್ಟುವುದು, ಹುಣಸೆ ಬೀಜಗಳಿಂದ ಎಣಿಕೆಯ ಆಟ ಆಡುವುದು ಬಯಲುಸೀಮೆಯ ಮಕ್ಕಳಿಗೆ ಪರಿಚಿತ. ಹಬ್ಬದ ದಿನಕ್ಕೆ ಸೀಮಿತವಾದ ಇಂಥ ಕೆಲಸವನ್ನು ಪ್ರತಿದಿನದ, ಉದ್ದೇಶಪೂರ್ವಕವಾದ ಕಲಿಕೆಯನ್ನಾಗಿ ಮಾಡಿದ್ದು ಬಾಲವಾಡಿಯ ವಿಶೇಷ.

ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಆರಂಭವಾದಾಗ ಕರ್ನಾಟಕದಲ್ಲಿ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರವನ್ನು ಆಯ್ಕೆ ಮಾಡಲಾಯಿತು. ಅಲ್ಲಿಂದ ಅಂಗನವಾಡಿಗಳು ರಾಜ್ಯದ ಎಲ್ಲ ಜಿಲ್ಲೆಗಳಿಗೂ ಹಬ್ಬಿದವು. ರಾಜ್ಯದ ಅಂಗನವಾಡಿಗಳಲ್ಲಿ ಬಳಕೆಗೆ ಬಂದ ಚಿಲಿಪಿಲಿ ಎಂಬ ಶಾಲಾಪೂರ್ವ ಪಠ್ಯಕ್ರಮವೂ ಹಾಡು, ಆಟ ಮತ್ತು ಕೈಕೆಲಸಗಳನ್ನು ಆಧರಿಸಿದೆ.

ನಿಧನ

ತಾರಾಬಾಯಿಯವರು ಆಗಸ್ಟ್ 31, 1973ರಂದು ನಿಧನರಾದರು. ಅಂಗನವಾಡಿಯು ರಾಷ್ಟ್ರೀಯ ಯೋಜನೆಯಾಗುವುದನ್ನು ಕಾಣಲು ಅವರಿಗೆ ಎರಡು ವರ್ಷಗಳಷ್ಟು ಆಯುಷ್ಯ ಸಾಲಲಿಲ್ಲ. ಕೋಸಬಾಡದ ಕೆಲಸವನ್ನು ಅನುತಾಯಿ ವಾಘ್ ಅವರು 1992ರಲ್ಲಿ ತಾವು ನಿಧನರಾಗುವವರೆಗೂ ಮುಂದುವರಿಸಿದರು. ರತ್ನಾಕರ ಮತಕರಿಯವರ ಘರ್ ತಿಘಾಂಚಾ ಹವಾ ಎಂಬ ಮರಾಠಿ ನಾಟಕವು ತಾರಾಬಾಯಿಯವರ ಜೀವನವನ್ನು ಆಧರಿಸಿದೆ.

ಪ್ರಭಾವ ಮತ್ತು ವಿಮರ್ಶೆ

ರಾಷ್ಟ್ರೀಯ ಯೋಜನೆಯಲ್ಲಿ ಅಂಗನವಾಡಿಗೆ ಪೂರಕ ಪೌಷ್ಟಿಕ ಆಹಾರ, ಲಸಿಕೆ, ಆರೋಗ್ಯ ತಪಾಸಣೆ, ಹೆಚ್ಚಿನ ಚಿಕಿತ್ಸೆಗೆ ಕಳುಹಿಸುವಿಕೆ, ತಾಯಂದಿರಿಗೆ ಪೌಷ್ಟಿಕತೆ ಮತ್ತು ಆರೋಗ್ಯದ ತಿಳಿವಳಿಕೆ ಹಾಗೂ ಶಾಲಾಪೂರ್ವ ಶಿಕ್ಷಣ ಎಂಬ ಆರು ಸೇವೆಗಳನ್ನು ವಹಿಸಲಾಯಿತು. ಹಸಿವು ಮತ್ತು ಶಿಶುಮರಣಗಳ ಎದುರು ಆಹಾರ ಹಾಗೂ ಲಸಿಕೆಗಳಿಗೆ ಆದ್ಯತೆ ದೊರೆತದ್ದು ಸಹಜವಾದರೂ, ತಾರಾಬಾಯಿಯವರ ಪ್ರಯೋಗದ ಕೇಂದ್ರವಾಗಿದ್ದ ಕಲಿಕೆಯ ಭಾಗ ಅನೇಕ ಕಡೆ ಹಿಂದೆ ಬಿದ್ದಿತು ಎಂಬುದು ಶಿಕ್ಷಣ ತಜ್ಞರ ಸಾಮಾನ್ಯ ಆಕ್ಷೇಪ. ದಾಖಲಾತಿ ಪುಸ್ತಕಗಳ ನಿರ್ವಹಣೆ ಮತ್ತು ಸಮೀಕ್ಷೆಗಳ ನಡುವೆ ಕಾರ್ಯಕರ್ತೆಗೆ ಮಕ್ಕಳೊಡನೆ ಕುಳಿತು ಆಡುವ ಸಮಯ ಕಡಿಮೆಯಾಯಿತು. ಕೇಂದ್ರ ಸರ್ಕಾರವು 2023ರಲ್ಲಿ ಆರಂಭಿಸಿದ ಪೋಷಣ್ ಭೀ ಪಢಾಯೀ ಭೀ ಕಾರ್ಯಕ್ರಮವು ಆಟ ಮತ್ತು ಸ್ಥಳೀಯ ಸಾಮಗ್ರಿಗಳ ಮೂಲಕ ಕಲಿಸುವ ತರಬೇತಿಯನ್ನು ಕಾರ್ಯಕರ್ತೆಯರಿಗೆ ನೀಡುವ ಉದ್ದೇಶ ಹೊಂದಿದೆ.

ಇನ್ನೊಂದೆಡೆ, ಎಳೆಯ ಮಕ್ಕಳ ಮನೆಗಲಿಕೆಯೆಂದರೆ ಅಂಗಡಿಯಿಂದ ಕೊಳ್ಳುವ ಆಟಿಕೆಗಳು ಎಂಬ ಭಾವನೆ ಈಗ ಹಳ್ಳಿಗಳಲ್ಲಿಯೂ ಹರಡಿದೆ. ಹಿಡಿಯಷ್ಟು ಜೇಡಿಮಣ್ಣು, ಎರಡು ಲೋಟ ನೀರು ಮತ್ತು ಪಕ್ಕದಲ್ಲಿ ಕುಳಿತುಕೊಳ್ಳುವ ಒಬ್ಬ ಹಿರಿಯರಿಂದ ಕಲಿಕೆ ಆರಂಭವಾಗಬಲ್ಲದು ಎಂಬುದಕ್ಕೆ ಬೋರ್ಡಿ ಮತ್ತು ಕೋಸಬಾಡಗಳ ಅನುಭವ ಆಧಾರವಾಗಿ ಉಳಿದಿದೆ.